ವಿರಾಮವೂ ವಿದ್ಯೆಯ ಅಂಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಯೊಂದರಿಂದ ಒಬ್ಬ ಹುಡುಗನೋ ಹುಡುಗಿಯೋ ವೈದ್ಯಶಿಕ್ಷಣಕ್ಕೆ ಹೊರಟರೆ ಊರಿಗೆ ಊರೇ ಹೆಮ್ಮೆಪಡುವುದು ಸಹಜ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆದು, ಮಳೆಯನ್ನೇ ನೆಚ್ಚಿ, ಮಕ್ಕಳನ್ನು ಓದಿಸಿದ ತಂದೆತಾಯಿಗಳಿಗೆ ಇದಕ್ಕಿಂತ ದೊಡ್ಡ ಸಂತೋಷ ಇರಲಾರದು. ಓದಲು ಹೋಗುವ ಸ್ಥಳಗಳೂ ತೀರ ದೂರದವಲ್ಲ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬಳ್ಳಾರಿಯಲ್ಲಿ ೧೯೬೧ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ ವೈದ್ಯಕೀಯ ಕಾಲೇಜುಗಳು ಸ್ಥಾಪಿತವಾದವು. ಸಂವಿಧಾನದ ೩೭೧-ಜೆ ವಿಧಿಯ ಮೇರೆಗೆ ೨೦೧೩ರಿಂದ ಈಚೆಗೆ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ ೭೦ರಷ್ಟು, ರಾಜ್ಯದ ಉಳಿದ ಕಡೆಗಳಲ್ಲಿ ಶೇಕಡಾ ೮ರಷ್ಟು ಸ್ಥಾನಗಳು ಈ ಪ್ರದೇಶದವರಿಗೆ ಮೀಸಲಾಗಿವೆ. ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಮಕ್ಕಳಿಗೆ ಅದರ ಪ್ರಯೋಜನ ಉಂಟು.

ಬಾಗಿಲು ತೆರೆದಿದೆ, ನಿಜ. ಆದರೆ ಬಾಗಿಲಿನ ಆಚೆ ಏನಿದೆ ಎಂಬುದರ ಬಗೆಗೆ ನಮ್ಮಲ್ಲಿ ಮಾತು ಕಡಿಮೆ. ನಾಲ್ಕೂವರೆ ವರ್ಷಗಳ ಓದು, ಆ ಮೇಲೆ ಒಂದು ವರ್ಷದ ಕಡ್ಡಾಯ ಆಸ್ಪತ್ರೆ ತರಬೇತಿ, ಸ್ನಾತಕೋತ್ತರ ಶಿಕ್ಷಣಕ್ಕೆ ಹೋದರೆ ಮತ್ತೆ ಮೂರು ವರ್ಷ. ಈ ಅವಧಿಯಲ್ಲಿ ಒಂದೇ ಸಮನೆ ೨೪ ಗಂಟೆ, ಕೆಲವೊಮ್ಮೆ ೩೬ ಗಂಟೆ ಕೆಲಸದಲ್ಲಿರಬೇಕಾದ ಪ್ರಸಂಗಗಳು ದೇಶದ ಅನೇಕ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿವೆ. ರಜೆಗೆಂದು ಊರಿಗೆ ಬಂದು ನಮ್ಮನ್ನು ಕಾಣುವ ಹಳೆಯ ವಿದ್ಯಾರ್ಥಿಗಳು ಇದನ್ನು ಹೇಳುತ್ತಾರೆ. ಆದರೆ ಮನೆಯಲ್ಲಿ ಹೇಳುವುದಿಲ್ಲ. ಸಾಲ ಮಾಡಿ ಓದಿಸಿದವರ ಮುಂದೆ "ನನಗೆ ದಣಿವಾಗಿದೆ" ಎಂದು ಹೇಗೆ ಹೇಳುವುದು ಎಂಬುದು ಅವರ ಪ್ರಶ್ನೆ. ಊರಿನ ಜಾತ್ರೆಗೆ ಬರಲಾಗಲಿಲ್ಲ, ಅಕ್ಕನ ಮದುವೆಗೆ ಒಂದು ದಿನ ಮಾತ್ರ ಬಂದೆವು, ಗೆಳೆಯರ ಗುರುತೇ ಅಳಿಸಿಹೋಗುತ್ತಿದೆ ಎಂಬ ಮಾತುಗಳನ್ನು ಅವರು ನಗುನಗುತ್ತಲೇ ಆಡುತ್ತಾರೆ.

ಇದಕ್ಕೆ ಹಿರಿಯರು ಕೊಡುವ ಉತ್ತರ ಸಿದ್ಧವಾಗಿಯೇ ಇದೆ: ಮೊದಲು ಕಷ್ಟ, ಆಮೇಲೆ ಸುಖ. ಅಂದರೆ ನಿದ್ರೆ, ಮನೆ, ಗೆಳೆತನ, ಆಟ ಇವೆಲ್ಲ ದುಡಿಮೆ ಮುಗಿದ ಮೇಲೆ ದೊರೆಯುವ ಕೂಲಿ. ಕೆಲಸದ ಮಧ್ಯೆ ಕೇಳತಕ್ಕವಲ್ಲ. ಈ ಉತ್ತರ ತಪ್ಪೆಂಬುದು ನಮ್ಮ ಅಭಿಪ್ರಾಯ. ವಿರಾಮವು ಶಿಕ್ಷಣದ ಹೊರಗಿನ ವಸ್ತುವಲ್ಲ; ಶಿಕ್ಷಣ ನಡೆಯುವ ಕ್ರಮದಲ್ಲಿಯೇ ಅದೊಂದು ಭಾಗ. ಆದುದರಿಂದ ಅದನ್ನು ಕಾಪಾಡುವ ಹೊಣೆ ಕಲಿಯುವವನ ಮನೋಬಲದ ಮೇಲೆ ಮಾತ್ರ ಬೀಳಕೂಡದು. ಪಾಳಿಯ ಪಟ್ಟಿಯನ್ನು ಬರೆಯುವವರ ಮೇಲೂ ಬೀಳಬೇಕು. ಭೌತಶಾಸ್ತ್ರ ಬೋಧಿಸುವವರಿಗೆ ಈ ವಿಚಾರದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಅಳೆದು ನೋಡಬಹುದಾದ ಸಂಗತಿಗಳು ಇಲ್ಲಿ ಹೇರಳವಾಗಿವೆ ಎಂಬುದೇ ನಮ್ಮ ಸಮಾಧಾನ.

ಲೋಹದ ಬಳಲಿಕೆ

ಸ್ಥಿತಿಸ್ಥಾಪಕತ್ವದ ಪಾಠದಲ್ಲಿ ತಂತಿಯೊಂದಕ್ಕೆ ಭಾರ ಕಟ್ಟಿ, ಅದು ಎಷ್ಟು ಹಿಗ್ಗಿತೆಂದು ಅಳೆಯುತ್ತೇವೆ. ಭಾರ ಒಂದು ಮಿತಿಯನ್ನು ದಾಟದಿದ್ದರೆ ತಂತಿ ಮೊದಲಿನ ಉದ್ದಕ್ಕೆ ಮರಳುತ್ತದೆ. ಇದರಿಂದ ವಿದ್ಯಾರ್ಥಿಗಳು ಮಿತಿಯೊಳಗಿನ ಭಾರ ಎಷ್ಟು ಸಲ ಬಿದ್ದರೂ ಅಪಾಯವಿಲ್ಲ ಎಂದು ಭಾವಿಸುವುದುಂಟು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳ ಮೂಲಕ ಹರಿಹರಕ್ಕೆ ೨೦೧೯ರಿಂದ ಪ್ರಯಾಣಿಕರ ರೈಲು ಓಡತೊಡಗಿತಷ್ಟೆ. ಆ ಬಗೆಯ ಗಾಡಿಯ ಚಕ್ರದ ವ್ಯಾಸ ಸುಮಾರು ೯೦ ಸೆಂಟಿಮೀಟರು. ಒಂದು ಕಿಲೋಮೀಟರು ಓಡುವುದರೊಳಗೆ ಅದು ಸುಮಾರು ೩೫೦ ಸಲ ಸುತ್ತುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಅಚ್ಚಿನ ಮೇಲ್ಮೈಯ ಒಂದೊಂದು ಬಿಂದುವೂ ಒಮ್ಮೆ ಎಳೆಯಲ್ಪಡುತ್ತದೆ, ಒಮ್ಮೆ ಒತ್ತಲ್ಪಡುತ್ತದೆ.

೧೮೪೨ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರಾದ ಔಗುಸ್ಟ್ ವೋಲರ್ ಎಂಬಾತನು ವರ್ಷಗಟ್ಟಲೆ ಅಚ್ಚುಗಳನ್ನು ಬಗ್ಗಿಸಿ ತಿರುಗಿಸಿ ಪರೀಕ್ಷಿಸಿದನು. ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಭಾರವೂ ಲಕ್ಷಾಂತರ ಸಲ ಮರುಕಳಿಸಿದಾಗ ಲೋಹವನ್ನು ಮುರಿಯಬಲ್ಲುದೆಂದು ಅವನ ಪ್ರಯೋಗಗಳು ತೋರಿಸಿದವು. ಇದನ್ನೇ ಲೋಹದ ಬಳಲಿಕೆ ಎನ್ನುತ್ತಾರೆ. ಹೊರಗೆ ಏನೂ ಕಾಣಿಸದಿರುವಾಗಲೇ ಒಳಗೆ ಕೂದಲೆಳೆಯಷ್ಟು ಬಿರುಕು ಬೆಳೆಯುತ್ತಿರುತ್ತದೆ.

ಮನುಷ್ಯನನ್ನು ಅಚ್ಚಿಗೆ ಹೋಲಿಸುವುದು ಸುಲಭ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆಂಬುದನ್ನು ನೋಡುವುದೇ ಹೆಚ್ಚು ಉಪಯುಕ್ತ. ಬಳಲಿದ ಅಚ್ಚನ್ನು ಒಂದು ವಾರ ಸುಮ್ಮನೆ ಇಟ್ಟರೆ ಅದರ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಮನುಷ್ಯನಿಗಾದರೋ ವಿಶ್ರಾಂತಿ ಕೊಟ್ಟರೆ ಅವನು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾನೆ. ಅಷ್ಟೇ ಅಲ್ಲ, ವಿಶ್ರಾಂತಿಯ ಕಾಲದಲ್ಲಿ ಮೊದಲಿಗಿಂತ ಹೆಚ್ಚು ಬಲ್ಲವನಾಗುತ್ತಾನೆ. ಲೋಹಕ್ಕಿಲ್ಲದ ಈ ಶಕ್ತಿಯನ್ನು ಉಪಯೋಗಿಸಿಕೊಳ್ಳದೆ, ಅಚ್ಚಿಗಿಂತ ಕಡೆಯಾಗಿ ಮನುಷ್ಯನನ್ನು ದುಡಿಸುವುದು ಯಾವ ಲೆಕ್ಕ?

ನಿದ್ರೆಯ ಲೆಕ್ಕ

ನಿದ್ರೆ ಎರಡು ಕ್ರಿಯೆಗಳ ಹೊಂದಾಣಿಕೆಯಿಂದ ಬರುತ್ತದೆಂದು ಜೂರಿಕ್ಕಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ ೧೯೮೨ರಲ್ಲಿ ಸೂಚಿಸಿದರು. ಮೊದಲನೆಯದು, ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ರೆಯ ಒತ್ತಡ. ಮಿದುಳಿನಲ್ಲಿ ಶೇಖರವಾಗುವ ಅಡಿನೋಸಿನ್ ಮೊದಲಾದ ವಸ್ತುಗಳು ಇದಕ್ಕೆ ಕಾರಣ. ಕಾಫಿಯಲ್ಲಿರುವ ಕೆಫೀನ್ ಅಡಿನೋಸಿನ್ನಿನ ಕೆಲಸವನ್ನು ಕೊಂಚ ಹೊತ್ತು ತಡೆಯುತ್ತದೆಯೇ ಹೊರತು ಸಾಲವನ್ನು ತೀರಿಸುವುದಿಲ್ಲ. ಎರಡನೆಯದು, ಸುಮಾರು ೨೪ ಗಂಟೆಗಳಿಗೊಮ್ಮೆ ಸುತ್ತುವ ಒಳಗಡಿಯಾರ. ಈ ಗಡಿಯಾರ ಜೀವಕೋಶಗಳಲ್ಲಿ ನಡೆಯುವ ಬಗೆಯನ್ನು ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಳಗಿನ ಜಾವ ನಾಲ್ಕೈದು ಗಂಟೆಯ ಹೊತ್ತಿಗೆ ಶರೀರದ ಉಷ್ಣತೆಯೂ ಮನಸ್ಸಿನ ಎಚ್ಚರವೂ ತೀರ ಕೆಳಗಿಳಿಯುವುದು ಈ ಗಡಿಯಾರದ ನಿಯಮ. ಹಿಂದಿನ ದಿನ ಬೆಳಗ್ಗೆಯಿಂದ ನಿದ್ರೆಯಿಲ್ಲದ ವೈದ್ಯನೊಬ್ಬ ಆ ಹೊತ್ತಿನಲ್ಲಿ ಔಷಧದ ಪ್ರಮಾಣ ಬರೆಯುತ್ತಿದ್ದರೆ, ಎರಡು ಕ್ರಿಯೆಗಳೂ ಅವನ ವಿರುದ್ಧವಾಗಿ ನಿಂತಿರುತ್ತವೆ. ಇಲ್ಲಿ ಮನೋಬಲದ ಪ್ರಶ್ನೆ ಬರುವುದಿಲ್ಲ.

ಇದರ ಪರಿಣಾಮವನ್ನು ಅಳೆದವರಿದ್ದಾರೆ. ೧೯೯೭ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಕೈಯೂ ಕಣ್ಣೂ ಒಟ್ಟಿಗೆ ಕೆಲಸ ಮಾಡಬೇಕಾದ ಪರೀಕ್ಷೆಯೊಂದನ್ನು ನಡೆಸಿದರು. ೧೭ ಗಂಟೆ ಎಚ್ಚರವಿದ್ದವರ ಸಾಮರ್ಥ್ಯವು, ರಕ್ತದಲ್ಲಿ ಶೇಕಡಾ ೦.೦೫ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯಿತು. ೨೪ ಗಂಟೆ ಎಚ್ಚರವಿದ್ದಾಗ ಅದು ಸುಮಾರು ಶೇಕಡಾ ೦.೧ಕ್ಕೆ ಸಮನಾಯಿತು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ ಪ್ರಕಾರ ಚಾಲಕನ ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂ, ಅಂದರೆ ಶೇಕಡಾ ೦.೦೩ಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಶಿಕ್ಷಾರ್ಹ ಅಪರಾಧ. ಹಾಗಾದರೆ ಒಂದು ಹಗಲೂ ಒಂದು ರಾತ್ರಿಯೂ ನಿದ್ರೆಗೆಟ್ಟ ತರುಣನ ಕೈಗೆ ನಾವು ಲಾರಿಯ ಚಕ್ರವನ್ನು ಕೊಡಲು ಹೆದರಬೇಕು. ಸೂಜಿಯನ್ನು ಮಾತ್ರ ಹೆದರದೆ ಕೊಡುತ್ತಿದ್ದೇವೆ.

ಆಸ್ಪತ್ರೆಯಲ್ಲಿಯೇ ನಡೆದ ಪ್ರಯೋಗವೂ ಉಂಟು. ೨೦೦೪ರಲ್ಲಿ ಅಮೆರಿಕದ ಬಾಸ್ಟನ್ ನಗರದ ತೀವ್ರ ನಿಗಾ ಘಟಕಗಳಲ್ಲಿ ಕಿರಿಯ ವೈದ್ಯರ ಎರಡು ಬಗೆಯ ಪಾಳಿಗಳನ್ನು ಹೋಲಿಸಲಾಯಿತು. ೨೪ ಗಂಟೆಗಳಿಗೂ ಮೀರಿದ ಹಳೆಯ ಪಾಳಿಯಲ್ಲಿದ್ದವರು, ಪಾಳಿಯನ್ನು ಮೊಟಕುಗೊಳಿಸಲ್ಪಟ್ಟವರಿಗಿಂತ ಶೇಕಡಾ ೩೫.೯ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರು. ರೋಗನಿರ್ಣಯದ ಗಂಭೀರ ತಪ್ಪುಗಳು ೫.೬ ಪಟ್ಟು ಹೆಚ್ಚಿದ್ದವು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಂಥ ದೀರ್ಘ ಪಾಳಿ ಮುಗಿಸಿ ವಾಹನ ನಡೆಸಿ ಮನೆಗೆ ಹೋಗುವಾಗ ಅಪಘಾತದ ಸಂಭವ ಸುಮಾರು ೨.೩ ಪಟ್ಟಾಗುತ್ತದೆಂದು ಕಂಡುಬಂದಿತು.

ಇನ್ನು ಕಲಿಕೆಯ ಮಾತು. ೧೯೨೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಸಮೂಹಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ನಿದ್ರೆ ಮಾಡಿದಾಗ ನೆನಪು ಎಷ್ಟು ಉಳಿಯಿತು, ಎಚ್ಚರವಿದ್ದಾಗ ಎಷ್ಟು ಉಳಿಯಿತು ಎಂದು ನೋಡಿದರು. ಅಷ್ಟೇ ಗಂಟೆಗಳು ಕಳೆದಿದ್ದರೂ ನಿದ್ರೆ ಮಾಡಿದಾಗ ಉಳಿದುದೇ ಹೆಚ್ಚು. ಪ್ರಯೋಗಕ್ಕೆ ಒಳಗಾದವರು ಇಬ್ಬರೇ. ಆದರೆ ಆ ಮೇಲೆ ನಡೆದ ಅನೇಕ ಪ್ರಯೋಗಗಳು ಈ ಮಾತನ್ನು ಬೆಂಬಲಿಸಿವೆ. ಹಗಲು ಓದಿದ್ದನ್ನು ಮಿದುಳು ರಾತ್ರಿ ತನ್ನೊಳಗೆ ನೆಲೆಗೊಳಿಸುತ್ತದೆ. ನಿದ್ರೆಗೆಟ್ಟು ಓದುವವನು ಬಿತ್ತಿದ ಬೀಜದ ಮೇಲೆ ಮಣ್ಣು ಮುಚ್ಚದೆ ಹೋಗುವ ಒಕ್ಕಲಿಗನಂತೆ. ನೀಟ್, ಸಿ.ಇ.ಟಿ. ಪರೀಕ್ಷೆಗಳಿಗಾಗಿ ರಾತ್ರಿಯೆಲ್ಲ ಕುಳಿತಿರುವ ಪ್ರೌಢಶಾಲೆ, ಕಾಲೇಜುಗಳ ನಮ್ಮ ತರುಣ ವಾಚಕರಿಗೂ ಇದು ಅನ್ವಯಿಸುತ್ತದೆ.

ಅಂಕಿಯಿಲ್ಲದ ನಿಯಮ

ದೀರ್ಘ ಪಾಳಿಯ ಪದ್ಧತಿ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು, ಕಲಿಯುವ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸಮಾಡುತ್ತ ಹಗಲಿರುಳು ಕೆಲಸ ಮಾಡುವ ಕ್ರಮವನ್ನು ರೂಪಿಸಿದನು. 'ರೆಸಿಡೆಂಟ್' ಎಂಬ ಹೆಸರೇ ವಾಸಿಸುವವನು ಎಂಬ ಅರ್ಥದ್ದು. ಅವನು ಮಹಾ ಪ್ರತಿಭಾವಂತ. ಕೋಕೇನಿನ ಮೇಲೆ ಪ್ರಯೋಗ ಮಾಡಹೋಗಿ ಅದರ ದಾಸನಾಗಿ, ಮುಂದೆ ಮಾರ್ಫೀನಿಗೆ ಅಂಟಿಕೊಂಡು ಬಾಳಿದವನೂ ಹೌದು. ಇದರಿಂದ ಅವನ ವಿದ್ವತ್ತಿಗೆ ಕುಂದಿಲ್ಲ. ಆದರೆ ಅವನು ಹಾಕಿಕೊಟ್ಟ ವಾಡಿಕೆಯನ್ನು ನಿಸರ್ಗನಿಯಮವೆಂಬಂತೆ ಕಾಣುವ ಅಗತ್ಯವೂ ಇಲ್ಲ.

೧೯೮೪ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ದೀರ್ಘ ಪಾಳಿಯ ಕಿರಿಯ ವೈದ್ಯರ ಆರೈಕೆಯಲ್ಲಿದ್ದ ೧೮ ವರ್ಷದ ತರುಣಿಯೊಬ್ಬಳು ಸತ್ತ ಮೇಲೆ ವಿಚಾರಣೆ ನಡೆಯಿತು. ೧೯೮೯ರಲ್ಲಿ ಆ ರಾಜ್ಯವು ವಾರಕ್ಕೆ ೮೦ ಗಂಟೆಗಳ ಮಿತಿಯನ್ನು ಹಾಕಿತು. ೨೦೦೩ರಲ್ಲಿ ಅದು ಅಮೆರಿಕದ ಉದ್ದಗಲಕ್ಕೂ ವ್ಯಾಪಿಸಿತು. ಯುರೋಪಿನ ಒಕ್ಕೂಟದಲ್ಲಿ ೨೦೦೯ರ ಹೊತ್ತಿಗೆ ಕಿರಿಯ ವೈದ್ಯರಿಗೂ ವಾರಕ್ಕೆ ಸರಾಸರಿ ೪೮ ಗಂಟೆಗಳ ನಿಯಮ ಬಂದಿತು.

ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿತ್ತೆಂದು ತಿಳಿಯಬಾರದು. ೧೯೯೨ರಲ್ಲಿಯೇ ಕೇಂದ್ರ ಆರೋಗ್ಯ ಮಂತ್ರಾಲಯವು, ಸ್ಥಾನಿಕ ವೈದ್ಯರ ನಿರಂತರ ಕೆಲಸ ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆಗಳನ್ನು ಮೀರಬಾರದು, ವಾರಕ್ಕೆ ೪೮ ಗಂಟೆಗಳಿಗೆ ಹೆಚ್ಚಾಗಬಾರದು, ವಾರದಲ್ಲಿ ಒಂದು ದಿನ ಬಿಡುವಿರಬೇಕು ಎಂದು ಸೂಚಿಸಿತ್ತು. ಕಾಗದದ ಮೇಲಿನ ಈ ಮಾತು ವಾರ್ಡುಗಳಿಗೆ ಇಳಿದು ಬರಲಿಲ್ಲ. ೨೦೨೩ರ ಸ್ನಾತಕೋತ್ತರ ವೈದ್ಯಶಿಕ್ಷಣದ ನಿಯಮಾವಳಿಯಲ್ಲಿ 'ಸಮಂಜಸವಾದ ಕೆಲಸದ ವೇಳೆ', 'ಸಮಂಜಸವಾದ ವಿಶ್ರಾಂತಿ' ಎಂಬ ಮಾತುಗಳಿವೆ, ಅಂಕಿ ಇಲ್ಲ. ೨೦೨೪ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ ೭೪ ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಕೋಲ್ಕತದ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಮಿಸಿಕೊಳ್ಳುತ್ತಿದ್ದ ತರುಣ ವೈದ್ಯೆಯೊಬ್ಬಳ ಕೊಲೆಯಾದಾಗ, ಸುಪ್ರೀಂ ಕೋರ್ಟು ೩೬ ಗಂಟೆಗಳ ಪಾಳಿಗಳ ವಿಷಯದಲ್ಲಿಯೂ ಕಳವಳವನ್ನು ವ್ಯಕ್ತಪಡಿಸಿತು.

ಉದ್ದ ಅಳೆಯುವ ವಿದ್ಯಾರ್ಥಿ ತನ್ನ ದಾಖಲೆ ಪುಸ್ತಕದಲ್ಲಿ 'ಸಮಂಜಸವಾದ ಉದ್ದ' ಎಂದು ಬರೆದು ತಂದರೆ ನಾವು ಅದನ್ನು ಒಪ್ಪುವುದಿಲ್ಲ. ಮಾನವೂ ಅಂಕಿಯೂ ಇಲ್ಲದ ಅಳತೆ ಅಳತೆಯಲ್ಲ. ಹಾಗೆಯೇ ಅಂಕಿಯಿಲ್ಲದ ನಿಯಮವನ್ನು ಪಾಲಿಸಿದರೋ ಮೀರಿದರೋ ಎಂಬುದನ್ನು ಯಾರೂ ಹೇಳಲಾರರು. ನಮ್ಮ ಭಾಗದ ಒಕ್ಕಲಿಗರು ಬಹುಮಂದಿ ಸೋಮವಾರ ಎತ್ತುಗಳನ್ನು ಹೂಡುವುದಿಲ್ಲ. ಬಸವಣ್ಣನ ದಿನವೆಂಬ ಭಕ್ತಿ ಅದರಲ್ಲಿದೆ. ಎತ್ತಿಗೆ ಬಿಡುವು ಬೇಕೆಂಬ ಅನುಭವವೂ ಇದೆ. ಆ ನಿಯಮದಲ್ಲಿ 'ಸಮಂಜಸ' ಎಂಬ ಮಾತಿಲ್ಲ. ಸೋಮವಾರ ಎಂಬ ದಿನ ಇದೆ. ಆದುದರಿಂದಲೇ ಅದು ತಲೆಮಾರುಗಳ ವರೆಗೆ ನಡೆದುಬಂದಿದೆ.

ಎದುರು ಮಾತು

ಎದುರು ಮಾತುಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ವೈದ್ಯನು ಗಡಿಯಾರ ನೋಡಿಕೊಂಡು ರೋಗಿಯನ್ನು ಬಿಟ್ಟೇಳಬಾರದು. ರೋಗದ ಏರಿಳಿತವನ್ನು ಮೊದಲಿನಿಂದ ಕೊನೆಯ ವರೆಗೆ ನೋಡದೆ ಅನುಭವ ಬಾರದು. ರೋಗಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವಾಗಲೂ ತಪ್ಪುಗಳಾಗುತ್ತವೆ ಎಂದು ಹಿರಿಯ ವೈದ್ಯರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ೨೦೧೬ರಲ್ಲಿ ಅಮೆರಿಕದ ೧೧೭ ಶಸ್ತ್ರಚಿಕಿತ್ಸಾ ತರಬೇತಿ ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರ ವರದಿ ಬಂತು. ಒಂದೊಂದು ಪಾಳಿಯ ಉದ್ದವನ್ನು ಸಡಿಲಿಸಿದ ಕೇಂದ್ರಗಳಲ್ಲಿ ರೋಗಿಗಳ ಸ್ಥಿತಿ ಇತರ ಕೇಂದ್ರಗಳಿಗಿಂತ ಕೆಡಲಿಲ್ಲವೆಂದು ಅದು ತಿಳಿಸಿತು. ಆದರೆ ಅದೇ ವರದಿಯ ಇನ್ನೆರಡು ಅಂಶಗಳನ್ನು ಮರೆಯಬಾರದು. ಎರಡು ಗುಂಪುಗಳಿಗೂ ವಾರಕ್ಕೆ ೮೦ ಗಂಟೆಗಳ ಮಿತಿ ಇದ್ದೇ ಇತ್ತು. ಸಡಿಲವಾದ ಪಾಳಿಯ ತರುಣ ವೈದ್ಯರು ತಮ್ಮ ಕುಟುಂಬಜೀವನಕ್ಕೂ ಆರೋಗ್ಯಕ್ಕೂ ಹಾನಿಯಾಯಿತೆಂದು ಇತರರಿಗಿಂತ ಹೆಚ್ಚಾಗಿ ಹೇಳಿದರು. ಪಾಳಿಗಳ ಜೋಡಣೆಯಲ್ಲಿ ವಿವೇಚನೆಗೆ ಎಡೆಯಿರಲಿ. ಒಟ್ಟು ಮೊತ್ತಕ್ಕೆ ಮಾತ್ರ ಮೇರೆ ಇರಲೇಬೇಕು.

ವೈದ್ಯರ ಸಂಖ್ಯೆ ಸಾಲದು, ಹೊರಗೆ ರೋಗಿಗಳ ಸಾಲು ಮುಗಿಯದು ಎಂಬುದು ಇನ್ನೊಂದು ಮಾತು. ಇದೂ ನಿಜವೇ. ಆದರೆ ಕೊರತೆಯ ಭಾರವನ್ನೆಲ್ಲ ಅತ್ಯಂತ ಕಿರಿಯನ ತಲೆಯ ಮೇಲೆ ಹೊರಿಸಿದರೆ ಕೊರತೆ ನೀಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಕಡೆಗೆ ಆ ಭಾರ ಬೀಳುವುದು ರೋಗಿಯ ಮೇಲೆ. ಹಡಗಲಿಯಿಂದಲೋ ಕೂಡ್ಲಿಗಿಯಿಂದಲೋ ರಾತ್ರಿಯ ಗಾಡಿಯಲ್ಲಿ ಬಳ್ಳಾರಿಗೋ ದಾವಣಗೆರೆಗೋ ಬಂದಿಳಿದ ನಮ್ಮವರೇ ಆ ರೋಗಿಗಳು.

ಮಾಡತಕ್ಕದ್ದು

ಪ್ರತಿಯೊಂದು ಬೋಧನಾ ಆಸ್ಪತ್ರೆಯೂ ಯಾರು ಎಷ್ಟು ಗಂಟೆ ಕೆಲಸ ಮಾಡಿದರೆಂಬ ಪುಸ್ತಕವನ್ನಿಟ್ಟು, ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ೧೯೯೨ರ ಅಂಕಿಯನ್ನು ಒಮ್ಮೆಗೇ ಮುಟ್ಟಲಾಗದಿದ್ದರೆ, ಯಾವ ವರ್ಷಕ್ಕೆ ಎಷ್ಟು ಎಂಬ ಇಳಿಗೆಯ ಪಟ್ಟಿಯನ್ನಾದರೂ ಗೊತ್ತುಮಾಡಬೇಕು. ಇದು ಮೊದಲ ಕೆಲಸ. ಇದನ್ನು ಬಿಟ್ಟು ತರುಣರಿಗೆ ಧ್ಯಾನ, ಕಾಲನಿರ್ವಹಣೆಗಳ ಉಪದೇಶ ಮಾಡುವುದು, ಅಚ್ಚಿನ ಭಾರವನ್ನು ಇಳಿಸದೆ ಅದಕ್ಕೆ ಬಣ್ಣ ಬಳಿದಂತೆ.

ತಂದೆತಾಯಿಗಳಿಗೆ ನಮ್ಮ ವಿನಂತಿ ಒಂದೇ. ಮಕ್ಕಳು ಫೋನು ಮಾಡಿದಾಗ ಅಂಕಗಳನ್ನು ಕೇಳುವ ಮೊದಲು ನಿದ್ರೆಯನ್ನು ಕೇಳಿ. "ನಿದ್ದೆಗೆಟ್ಟು ಓದುತ್ತಾನೆ" ಎಂಬ ಮಾತನ್ನು ಹೊಗಳಿಕೆಯಾಗಿ ಆಡುವುದನ್ನು ಬಿಡಿ. ಮನೆಯಲ್ಲಿ ದಣಿವನ್ನು ಹೇಳಿಕೊಳ್ಳಬಹುದೆಂಬ ಧೈರ್ಯ ಮಕ್ಕಳಿಗಿದ್ದರೆ, ಅದು ವೈದ್ಯಶಿಕ್ಷಣಕ್ಕೆ ನೀವು ಕೊಡುವ ಹಣಕ್ಕಿಂತ ಕಡಿಮೆಯ ಸಹಾಯವಲ್ಲ.

ತರುಣರು ತಮ್ಮ ಕೈಯಲ್ಲಿರುವುದನ್ನು ಬಿಡಬಾರದು. ರಾತ್ರಿಯ ಪಾಳಿಗೆ ಮೊದಲು ಕೊಂಚ ಹೊತ್ತಾದರೂ ಮಲಗಿರಿ. ಪಾಳಿ ಮುಗಿದ ಮೇಲೆ ಮೋಟಾರು ಸೈಕಲನ್ನು ಮುಟ್ಟದೆ ಬಸ್ಸನ್ನೇರಿರಿ ಅಥವಾ ಅಲ್ಲಿಯೇ ಮಲಗಿ ಎದ್ದು ಹೊರಡಿರಿ. ವಾರದಲ್ಲೊಂದು ಹೊತ್ತನ್ನು ಮನೆಯವರೊಡನೆ ಮಾತಿಗೆ ಗೊತ್ತುಮಾಡಿ, ಪರೀಕ್ಷೆಯ ದಿನಾಂಕದಷ್ಟೇ ಕಟ್ಟುನಿಟ್ಟಾಗಿ ಪಾಲಿಸಿರಿ. ವೃತ್ತಿಗೆ ಸಂಬಂಧಿಸದ ಒಂದು ಹವ್ಯಾಸವಿರಲಿ. ಅದು ಹಾಡಾಗಲಿ, ಆಟವಾಗಲಿ, ನಕ್ಷತ್ರ ನೋಡುವುದಾಗಲಿ. ವರ್ಷದಲ್ಲಿ ಒಂದು ಸಲ ಊರಿನ ತೇರಿಗೋ ಮೈಲಾರದ ಕಾರಣಿಕಕ್ಕೋ ಬರಲು ರಜೆಯನ್ನು ಮುಂಚಿತವಾಗಿಯೇ ಕೇಳಿರಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಮನಸ್ಸು ತೀರ ಕುಗ್ಗಿದರೆ ಒಬ್ಬರೇ ಹೊರಬೇಡಿರಿ. ೨೦೨೨ರಲ್ಲಿ ಆರಂಭವಾದ 'ಟೆಲಿ-ಮಾನಸ್' ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಇಂದು ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತು ಇದನ್ನು ಓದುತ್ತಿರುವವರಲ್ಲಿ ಕೆಲವರು ಇನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ತಾವೇ ಪಾಳಿಯ ಪಟ್ಟಿಯನ್ನು ಬರೆಯುವ ಸ್ಥಾನದಲ್ಲಿರುತ್ತಾರೆ. "ನಾವು ಅನುಭವಿಸಿದೆವು, ಇವರೂ ಅನುಭವಿಸಲಿ" ಎಂಬ ಮಾತು ಆಗ ಅವರ ನಾಲಗೆಯ ತುದಿಗೆ ಬರುವುದು ಸಂಭವ. ಅದನ್ನು ಅಲ್ಲಿಯೇ ತಡೆದು, ಗಂಟೆಗಳನ್ನು ಎಣಿಸಿ ನೋಡುವವರು ಈ ಐದು ತಾಲ್ಲೂಕುಗಳಿಂದಲೂ ಬರಲಿ ಎಂದು ಹಾರೈಸುತ್ತೇವೆ.